ಕುದುರೆಗಳಿದ್ದ ಹಡಗಿನ ಚಿತ್ರ

ಈ ಪರದೇಶದಲ್ಲಿ ನಾವಿರುವ ಊರು ಡುವಾಲ್‌ನಿಂದ ಕ್ಯಾನ್ಯನ್ ಪಾರ್ಕ್‌ನ ಆಫೀಸಿಗೆ ನಾನೂ ಪಕ್ಕದ ಮನೆಯ ಭಟ್ಕಳದ ಗೆಳೆಯನೂ ಒಂದೇ ಕಾರಿನಲ್ಲಿ ಹೋಗುತ್ತೇವೆ. ಅವನ ಹಿರಿಯರು ಅರಬ್ ನಾಡಿನಿಂದ ಹಡಗಿನಲ್ಲಿ ಕುದುರೆ ತಂದು ವಿಜಯನಗರಕ್ಕೆ ಮಾರುತ್ತಿದ್ದರೆಂದು ಅವರ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅರಸರು ಬೆಲೆ ಕೊಡುತ್ತಿದ್ದರಂತೆ. “ನಮ್ಮ ಇನ್ಶೂರೆನ್ಸ್‌ಗಿಂತ ವಾಸಿ ಕಣೋ,” ಎಂದು ಅವನು ನಗುತ್ತಾನೆ.

ಇಲ್ಲಿನ ನಮ್ಮ ಕನ್ನಡ ಬಳಗದ ಈಚಿನ ರಾಜ್ಯೋತ್ಸವಕ್ಕೆ ಮಕ್ಕಳಿಂದ ಹಂಪಿಯ ಚಿತ್ರಪ್ರದರ್ಶನ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. “ನಿಮ್ಮೋರ ಹಡಗು ಬರೆದು ಕೊಡಮ್ಮ,” ಎಂದು ಗೆಳೆಯನ ಹತ್ತು ವರ್ಷದ ಮಗಳನ್ನು ಕೇಳಿದವನು ನಾನೇ. ಅವಳು ದೊಡ್ಡ ಹಾಳೆಯ ತುಂಬ ಬರೆದು ತಂದಳು. ಹಡಗಿನ ಕಿಟಕಿಗಳಲ್ಲಿ ಕುದುರೆಗಳು ಮುಖ ಹೊರಗೆ ಹಾಕಿದ್ದವು. ದಡದಲ್ಲಿ ಟೋಪಿಯ ವ್ಯಾಪಾರಿಯೂ ಕಿರೀಟದ ಅರಸನೂ ಕೈ ಕುಲುಕುತ್ತಿದ್ದರು.

ಕಾರ್ಯಕ್ರಮದ ಶನಿವಾರ ಬೆಳಿಗ್ಗೆ ಸಭಾಂಗಣದಲ್ಲಿ ಬೋರ್ಡಿಗೆ ಚಿತ್ರಗಳನ್ನು ಪಿನ್ ಮಾಡುತ್ತಿದ್ದಾಗ ನಮ್ಮ ಬಳಗದ ಹಿರಿಯರೊಬ್ಬರು ಬಂದು ಹಡಗಿನ ಚಿತ್ರದ ಮುಂದೆ ನಿಂತರು.

“ಹಂಪಿ ಹಾಳು ಮಾಡ್ದೋರ ಕಡೆಯೋರನ್ನ ಹಂಪಿ ಬೋರ್ಡ್ ಮೇಲೆ ಹಾಕ್ತೀರಾ? ಯಾಕೆ ಸುಮ್ನೆ, ಇವತ್ತು ಬೇಡ ಬಿಡಿ,” ಎಂದರು.

ಹೇಳಬೇಕಾದದ್ದು ನನಗೆ ಗೊತ್ತಿತ್ತು. ದಂಡೆತ್ತಿ ಬಂದವರೇ ಬೇರೆ, ಕುದುರೆ ತಂದವರೇ ಬೇರೆ. ಆ ಅರಸರ ಸೈನ್ಯದಲ್ಲೇ ಮುಸ್ಲಿಮರಿದ್ದರು. ದಿನಾ ಕಾರಿನಲ್ಲಿ ಇದನ್ನೇ ಪುಂಖಾನುಪುಂಖವಾಗಿ ಕೊರೆಯುವವನು ನಾನು. ಅಲ್ಲಿ ಮಾತ್ರ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಚಿತ್ರವನ್ನು ತೆಗೆದು ಬೋರ್ಡಿನ ಹಿಂದೆ ಇಟ್ಟೆ. ಹಿರಿಯರು ಬಲವಂತವನ್ನೇನೂ ಮಾಡಿರಲಿಲ್ಲ. ನೆನೆದರೆ ನಾಚಿಕೆಯಾಗುವುದು ಅದಕ್ಕೇ.

ಮಧ್ಯಾಹ್ನ ಗೆಳೆಯ ಮಗಳನ್ನು ಕರೆತಂದ. ಅವಳು ಬೋರ್ಡನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ನೋಡಿದಳು. ಕಮಲ ಮಹಲಿನ ಚಿತ್ರದ ಪಕ್ಕದಲ್ಲಿ ಖಾಲಿ ಜಾಗ, ನಾಲ್ಕು ಪಿನ್ನು ಹಾಗೇ ಇದ್ದವು. ನಾನು ಕಾಫಿಯ ನೆಪ ಹೇಳಿ ಅಡುಗೆ ಕೋಣೆ ಹೊಕ್ಕು ಅವರು ಹೋಗುವವರೆಗೂ ಹೊರಗೆ ಬರಲಿಲ್ಲ.

ಸೋಮವಾರ ಅವನು ಎಂದಿನಂತೆ ಬಂದು ಕಾರು ಹತ್ತಿದ. ದಾರಿಯಲ್ಲಿ ವುಡಿನ್‌ವಿಲ್ ದಾಟಿದ ಮೇಲೆ ನಾನೇ ಮಾತು ತೆಗೆದೆ.

“ಸಾರಿ ಕಣೋ, ಆ ಚಿತ್ರ ನಾನೇ ತೆಗ್ದಿದ್ದು,” ಎಂದೆ.

“ಗೊತ್ತು. ಬೋರ್ಡ್ ಹಿಂದೆ ನೋಡ್ದೆ,” ಎಂದ. ಆಮೇಲೆ, “ಮಗಳಿಗೆ ಜಾಗ ಸಾಲ್ಲಿಲ್ಲ ಅಂತ ಹೇಳಿದೀನಿ. ಕೇಳಿದ್ರೆ ನೀನೂ ಹಾಗೇ ಹೇಳ್ಬಿಡು,” ಎಂದ.

ನನ್ನ ಹೇಡಿತನ ಮುಚ್ಚಲು ಅವನು ತನ್ನ ಮಗಳಿಗೆ ಸುಳ್ಳು ಹೇಳಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಫೀಸಿನ ಪಾರ್ಕಿಂಗಿನಲ್ಲಿ ಇಳಿಯುವ ಮುಂಚೆ ಬ್ಯಾಗಿನಿಂದ ಒಂದು ಕವರ್ ತೆಗೆದು ಕೊಟ್ಟ. ಒಳಗೆ ಅಂಗೈಯಗಲದ ಕಾಗದವಿತ್ತು. ಅದೇ ಹಡಗು, ಅದೇ ಕುದುರೆಗಳು, ಕೈ ಕುಲುಕುವ ಅದೇ ಇಬ್ಬರು.

“ನಿನ್ನೆಯೆಲ್ಲ ಕೂತು ಚಿಕ್ಕದಾಗಿ ಮತ್ತೆ ಬರೆದ್ಲು,” ಎಂದ. “ಮುಂದಿನ ವರ್ಷ ಇಷ್ಟಾದ್ರೆ ಜಾಗ ಸಾಲುತ್ತಾ ಅಂತ ನಿನ್ನ ಕೇಳ್ಬೇಕಂತೆ.”