ಕೊಸರಜ್ಜಿ

ನನ್ನ ಸೈಕಲ್ ರಿಪೇರಿ ಅಂಗಡಿಯ ಎದುರಿಗೇ ಬೇಕರಿ. ಬೇಕರಿಯವನ ತಾಯಿಯನ್ನು ನಮ್ಮ ಬೀದಿಯೆಲ್ಲ ಕೊಸರಜ್ಜಿ ಎಂದೇ ಕರೆಯುತ್ತದೆ. ಆರು ಬನ್ನು ಕೊಂಡವರ ಪೊಟ್ಟಣಕ್ಕೆ ಏಳನೆಯದನ್ನು ತುರುಕದೆ ಆಕೆ ಕಳಿಸಿದ್ದನ್ನು ನಾನಂತೂ ಕಂಡಿಲ್ಲ. ಮಗ ಗೊಣಗಿದರೆ, ಕೊಸರು ಕೊಡದ ಕೈ ಕೈಯೇ ಅಲ್ಲ ಎನ್ನುತ್ತಿದ್ದಳು. ನನ್ನ ಹೊಟ್ಟೆ ಹೀಗೆ ಮುಂದೆ ಬಂದಿರುವುದರಲ್ಲಿ ಆ ಮುದುಕಿಯ ಪಾಲು ದೊಡ್ಡದು.

ಇಂಥವಳ ಒಬ್ಬಳೇ ಮೊಮ್ಮಗಳಿಗೆ ಬನ್ನೇ ವಿಷ. ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಬರುವ ಕಾಯಿಲೆಯಂತೆ; ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹಾಲು, ಮೊಟ್ಟೆ, ಬೇಳೆ, ಗೋಧಿಯಲ್ಲಿರುವ ಪ್ರೋಟೀನಿನ ಒಂದು ಅಂಶವನ್ನು ಆ ಮಗುವಿನ ದೇಹ ಅರಗಿಸಿಕೊಳ್ಳಲಾರದು. ಅದು ರಕ್ತದಲ್ಲೇ ಉಳಿದು ಮಿದುಳಿಗೆ ಏರಿದರೆ ಬುದ್ಧಿ ಮಂಕಾಗುತ್ತದೆ. ಅವೆಲ್ಲದರ ಬದಲಿಗೆ ದಿನಕ್ಕೆ ಮೂರು ಹೊತ್ತು ಆ ಅಂಶವಿಲ್ಲದ ಪ್ರೋಟೀನಿನ ಒಂದು ಪುಡಿಯನ್ನು ನೀರಿಗೆ ಕಲಸಿ ಕುಡಿಯಬೇಕು. ಹೊರದೇಶದಿಂದ ಬರುವ ಡಬ್ಬಿ. ವಾಸನೆ ಹಳೇ ಸಾಕ್ಸಿನದು, ಬೆಲೆ ಚಿನ್ನದ್ದು. ಹಿಟ್ಟು ಕಲಸುವ ಯಂತ್ರವನ್ನು ಮಾರಿ ಬೇಕರಿಯವನು ಕೈಯಲ್ಲೇ ಕಲಸತೊಡಗಿದ್ದು ಈ ಡಬ್ಬಿಗಾಗಿ. ಸೊಸೆಯ ಬಳೆ ಹೋದದ್ದೂ ಇದಕ್ಕೇ. ಹುಡುಗಿ ಮಾತ್ರ ಚೂಟಿಯಾಗಿ ಬೆಳೆದಳು. ಮಗ್ಗಿ ಹೇಳುವುದರಲ್ಲಿ ನನ್ನನ್ನೇ ಸೋಲಿಸುತ್ತಿದ್ದಳು. ಅವಳು ಅಂಗಡಿಗೆ ಬಂದರೆ ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ನೋಡಲಾಗುತ್ತಿರಲಿಲ್ಲ ನನಗೆ.

ಒಂಬತ್ತು ತುಂಬಿದ ಮೇಲೆ ಹುಡುಗಿ ಪುಡಿಯನ್ನು ತಾನೇ ಅಳೆದು ಕಲಸಿಕೊಳ್ಳತೊಡಗಿದಳು. ಮನೆಯವರಿಗೆಲ್ಲ ಹಿಗ್ಗೋ ಹಿಗ್ಗು. ಆಗಿನಿಂದ ಡಬ್ಬಿಯೂ ಬಾಳಿಕೆ ಬರತೊಡಗಿತು. ಈ ಸಲ ತಿಂಗಳು ದಾಟಿತು ಎಂದು ಸೊಸೆ ನನ್ನ ಮುಂದೆಯೂ ಹೇಳಿಕೊಂಡಳು.

ಆಮೇಲೆ ಶಾಲೆಯಿಂದ ದೂರು ಬಂತು. ಪಾಠದಲ್ಲಿ ಗಮನವಿಲ್ಲ, ನಿನ್ನೆ ಕಲಿತದ್ದು ಇಂದು ನೆನಪಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಆ ಅಂಶ ಏರಿತ್ತು. ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದುಕೊಂಡರು. ಯಾರೋ ಏನು ಬಂತು, ಕೊಡುಗೈ ಯಾರದೆಂದು ಬೀದಿಗೇ ಗೊತ್ತಲ್ಲ! ಬೇಕರಿಯವನು ತಾಯಿಯನ್ನು ಗಲ್ಲಾದಿಂದ ಎಬ್ಬಿಸಿ ಒಳಗೆ ಕೂರಿಸಿದ. ಮಗುವಿಗೆ ಏನನ್ನೂ ಕೊಡಕೂಡದು, ಲೋಟ ನೀರನ್ನೂ ಕೂಡ ಎಂದ. ಕೋಪದ ಕೈಗೆ ಬುದ್ಧಿ ಕೊಡಬೇಡವೋ ಎಂದು ನಾನು ಹೇಳಹೋದರೆ, ನಿನ್ನ ಪಂಕ್ಚರ್ ನೀನು ನೋಡಿಕೋ ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಅಜ್ಜಿ ಒಳಗೆ ಕೂತರೂ ಮುಂದಿನ ಪರೀಕ್ಷೆಯಲ್ಲಿ ಅಂಶ ಇನ್ನೂ ಏರಿತ್ತು. ಆಗ ಡಾಕ್ಟರು, ಒಂದು ಡಬ್ಬಿ ಎಷ್ಟು ದಿನ ಬರುತ್ತದೆ ಎಂದು ಕೇಳಿದರಂತೆ. ಸೊಸೆ ಹೆಮ್ಮೆಯಿಂದಲೇ ಹೇಳಿದಳು. ಅಷ್ಟು ದಿನ ಬರಲು ಸಾಧ್ಯವೇ ಇಲ್ಲ ಎಂದರು ಡಾಕ್ಟರು. ಪುಡಿ ಕಡಿಮೆಯಾದರೆ ದೇಹ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ, ಆಗಲೂ ರಕ್ತಕ್ಕೆ ಸೇರುವುದು ಅದೇ ವಿಷ. ಎಲ್ಲರೂ ಹುಡುಗಿಯತ್ತ ತಿರುಗಿದರು.

"ಡಬ್ಬಿ ಬೇಗ ಬೇಗ ಮುಗಿದ್ರೆ ಅಪ್ಪ ಓವನ್ನೂ ಮಾರ್ಬೇಕಾಗತ್ತೆ ಅಂತ ಅಮ್ಮ ಹೇಳ್ತಿದ್ಲು," ಎಂದಳಂತೆ ಹುಡುಗಿ. "ಅದಕ್ಕೇ ಅರ್ಧರ್ಧ ಚಮಚ ಹಾಕ್ಕೊಂಡೆ."

ಇದನ್ನು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಾ ಬೇಕರಿಯವನು ಮುಖ ಮುಚ್ಚಿಕೊಂಡು ಅತ್ತ. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ. ಅಲ್ಲಿಂದೆದ್ದು ನೇರ ತಾಯಿಯ ಬಳಿ ಹೋದ. ಬ್ರೆಡ್ಡಿನ ನೆಪದಲ್ಲಿ ನಾನೂ ಹಿಂದೆಯೇ ಹೋದೆ. ಡಬ್ಬಿಯನ್ನೂ ಅಳತೆಯ ಚಮಚವನ್ನೂ ತಂದು ಆಕೆಯ ಮಡಿಲಿಗೆ ಇಟ್ಟ.

"ಅಮ್ಮಾ, ತಪ್ಪಾಯ್ತು. ಓವನ್ ಹೋದ್ರೆ ಹೋಗ್ಲಿ. ಇನ್ಮೇಲೆ ಮಗೂಗೆ ನೀನೇ ಕೊಡ್ಬೇಕು."

ಒಂಬತ್ತು ವರ್ಷದಿಂದ ಕೊಡಬೇಡ ಎಂಬುದನ್ನೇ ಕೇಳಿಕೊಂಡು ಬಂದವಳು ತುಸು ಹೊತ್ತು ಚಮಚವನ್ನೇ ನೋಡಿದಳು. ಆಮೇಲೆ ಮೊಮ್ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಚಮಚ ತುಂಬಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗವನ್ನು ಸಮ ಮಾಡಿ ಲೋಟಕ್ಕೆ ಹಾಕಿದಳು. ಸ್ವಲ್ಪ ಕಡಿಮೆ ಹಾಕಜ್ಜಿ ಎಂದು ಹುಡುಗಿ ಗೋಗರೆದಳು.

"ಈ ಕೈ ಯಾವತ್ತಾದ್ರೂ ಯಾರಿಗಾದ್ರೂ ಕಡಿಮೆ ಹಾಕಿದ್ದುಂಟಾ, ಪುಟ್ಟಾ?" ಎಂದು ಅಜ್ಜಿ ಲೋಟವನ್ನು ಅವಳ ತುಟಿಗೆ ಹಿಡಿದಳು.