ಕಾಡಿಗೆಯಲ್ಲ, ಡ್ರಾಪ್ಸ್

ಸೂಜಿಗೆ ದಾರ ಪೋಣಿಸಲಾಗದೆ ಕನ್ನಡಕ ಕೇಳಲು ಹೋದವಳು ನಾನು. ಮಡಗಾಂವ್‌ನ ಕಣ್ಣಿನ ಡಾಕ್ಟರಮ್ಮ ಯಂತ್ರದ ಮೇಲೆ ಗದ್ದ ಇಡಿಸಿದರು. ಒಮ್ಮೆ ನೋಡಿದರು. ಮತ್ತೆ ನೋಡಿದರು. ಕನ್ನಡಕದ ಮಾತೇ ಎತ್ತಲಿಲ್ಲ.

ಗ್ಲಾಕೋಮಾ.

ಕಣ್ಣೊಳಗಿನ ಪ್ರೆಷರ್ ಏರಿ ನರ ಸಾಯುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಯಬೇಕು ಎಂದು ಹಿಂದಿಯಲ್ಲಿ ಹೇಳಿದರು. ಎಷ್ಟು ದಿನ ಎಂದು ಕೇಳಿದೆ. ಇರುವ ತನಕ ಎಂದರು. ಗಂಡ ತೀರಿಕೊಂಡ ಮೇಲೆ ಮೋತಿ ಡೊಂಗರ್ ಗುಡ್ಡದ ಒಂದೇ ಕೋಣೆಯಲ್ಲಿ ಬ್ಲೌಸ್ ಹೊಲಿದು ನಾನೂ ಮಗಳೂ ಬದುಕುತ್ತಿದ್ದೆವು. ಕಣ್ಣು ಹೋದರೆ ಮಷಿನ್ ನಿಂತಂತೆ. ಅಂದಿನಿಂದಲೇ ಡ್ರಾಪ್ಸ್ ಶುರು ಮಾಡಿದೆ.

ಮೊದಲು ಕಣ್ಣು ಕೆಂಪಾದವು, ಉರಿದವು. ಅದನ್ನು ತಡೆದುಕೊಂಡೆ. ಕೆಲವು ತಿಂಗಳಲ್ಲಿ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ ಬೆಳೆದವು. ಕಣ್ಣಿನ ಸುತ್ತ ಚರ್ಮ ಕಪ್ಪಾಯಿತು. ಎಷ್ಟು ತೊಳೆದರೂ ಹೋಗದ ಕಪ್ಪು. ಹರೆಯದಲ್ಲಿ ಕಾಡಿಗೆ ತೀಡಿ ತೀಡಿದರೂ ಬಾರದ ಚೆಲುವು, ನಲವತ್ತೈದು ದಾಟಿದ ವಿಧವೆಗೆ ಕೇಳದೇ ಬಂತು.

ಧಾರವಾಡದ ಕಡೆಯಿಂದ ಬಂದು ಗುಡ್ಡದಲ್ಲಿ ನೆಲೆಸಿದ ನಮ್ಮ ಜನಕ್ಕೆ ಅಷ್ಟು ಸಾಕಾಯಿತು. ನಾನು ನಳದ ಹತ್ತಿರ ಹೋದರೆ ಮಾತು ನಿಲ್ಲತೊಡಗಿತು. ಇವಳಿಗೆ ಗೋವಾದ ಗಾಳಿ ಬಡಿದಿದೆ ಎಂದರಂತೆ. ಹತ್ತಿರದ ಕೆಪೆ ಊರಲ್ಲಿರುವ ನನ್ನ ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ, ಸುದ್ದಿ ಬಸ್ಸಿಗಿಂತ ಬೇಗ ಮುಟ್ಟಿತು. ಬಂದು ಕುಳಿತು ನನ್ನ ಮುಖವನ್ನೇ ನೋಡಿದರು.

"ಗಂಡ ಇಲ್ಲದಾಕಿಗೆ ಕಾಡಗಿ ಯಾಕ ಬೇಕವಾ?"

ಔಷಧದ್ದು, ರೆಪ್ಪೆ ಬೆಳೆಸಿ ಚರ್ಮ ಕಪ್ಪಾಗಿಸುವುದು ಅದರ ಗುಣವಂತೆ ಎಂದೆ. ಔಷಧ ಹಾಕಿದರೆ ಕಣ್ಣು ತಿಳಿಯಾಗಬೇಕು, ಚೆಂದ ಯಾಕಾಗಬೇಕು ಎಂಬುದು ಅವರ ವಾದ.

ಹೆದರಿದೆ. ಖರೇ ಹೇಳಬೇಕೆಂದರೆ, ಕುರುಡಿಯಾಗುವುದಕ್ಕಿಂತ ಆ ಮಾತಿಗೆ ಹೆಚ್ಚು ಹೆದರಿದೆ. ಬೇರೆ ಡ್ರಾಪ್ಸ್ ಕೊಡಿ ಎಂದು ಡಾಕ್ಟರಮ್ಮನ ಬೆನ್ನು ಬಿದ್ದೆ. ಅಸ್ತಮಾ ಇದೆಯೇ ಎಂದು ಕೇಳಿದರು. ಇಲ್ಲವೆಂದೆ. ಧಾರವಾಡದ ಕಡೆ ಚಿಕ್ಕಂದಿನಲ್ಲಿ ನನಗಿದ್ದದ್ದು ದಮ್ಮು. ದಮ್ಮಿಗೇ ಇಂಗ್ಲಿಷಿನಲ್ಲಿ ಆ ಹೆಸರೆಂದು ನನಗೇನು ಗೊತ್ತು?

ಹೊಸ ಡ್ರಾಪ್ಸ್ ಮುಖಕ್ಕೇನೂ ಮಾಡಲಿಲ್ಲ. ಎದೆಗೆ ಮಾಡಿತು. ಕೊಡ ಹೊತ್ತು ಗುಡ್ಡ ಏರುವಾಗ ಅರ್ಧದಲ್ಲೇ ಕುಸಿದೆ. ಎದೆಯೊಳಗೆ ಸಿಳ್ಳು ಹೊಡೆದಂತೆ ಸದ್ದು. ಅದೇ ನಳದ ಹೆಂಗಸರೇ ರಿಕ್ಷಾದಲ್ಲಿ ಹಾಕಿ ಆಸ್ಪತ್ರೆಗೆ ಒಯ್ದರು. ಮಾಸ್ಕ್ ಹಾಕಿ ಮಲಗಿಸಿದರು. ಕಣ್ಣಿಗೆ ಹಾಕಿದ ಹನಿ ಮೂಗಿನೊಳಗಿಂದ ರಕ್ತಕ್ಕಿಳಿದು ಎದೆಯನ್ನೂ ಮುಟ್ಟಿ, ದಮ್ಮಿದ್ದವರ ಉಸಿರು ಕಟ್ಟಿಸುತ್ತದೆಯಂತೆ. ನನ್ನ ಚಿಕ್ಕಂದಿನ ದಮ್ಮಿನ ವಿಷಯ ತಿಳಿದ ಡಾಕ್ಟರಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು.

ಆ ಮಾಸ್ಕಿನೊಳಗೇ ನಿರ್ಧಾರ ಮಾಡಿದೆ. ಉಸಿರು ಕೊಟ್ಟು ಮರ್ಯಾದೆ ಕೊಳ್ಳುವವಳು ನಾನಲ್ಲ. ಹಳೆಯ ಡ್ರಾಪ್ಸೇ ಕೊಡಿ ಎಂದೆ.

ಮುಂದೆ ನೆಗೆಣ್ಣಿಯ ಸೊಸೆಯ ಕುಬಸ ಬಂತು. ಬಸುರಿಗೆ ಹಸಿರು ಸೀರೆ, ಕುಬಸವೆಂಬ ಹಸಿರು ರವಿಕೆ ತೊಡಿಸುವ ಕಾರ್ಯ. ಆ ಕುಬಸ ಹೊಲಿಯಲು ಹೇಳಿದ್ದು ನನಗೇ. ಅಂಚಿಗೆ ಅಂಚು ಕೂಡಿಸಿ, ಒಂದು ಹೊಲಿಗೆ ಆಚೀಚೆ ಆಗದಂತೆ ಹೊಲಿದೆ. ಸಂಜೆ ಕೆಪೆಗೆ ಹೋದರೆ ನೆಗೆಣ್ಣಿ ಬಾಗಿಲಲ್ಲೇ ತಡೆದು, ಮಂದಿ ಬಂದಿದ್ದಾರೆ, ಆ ಕಣ್ಣು ತೋರಿಸದೆ ಅಡುಗೆಮನೆಯಲ್ಲಿ ಕುಳಿತುಕೋ ಎಂದರು.

ಹೋಗಲಿಲ್ಲ.

"ಅಕ್ಕಾರ, ಈ ಕಣ್ಣೀಲೇ ಹೊಲದದ್ದು ಆ ಕುಬಸ. ಕುಬಸ ನಡೀತೈತಿ, ಕಣ್ಣು ನಡಿಯಂಗಿಲ್ಲೇನ್ರಿ?"

ಹೆಂಗಸರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ಜಮಖಾನೆಯ ನಡುವೆಯೇ ಕುಳಿತೆ. ಡ್ರಾಪ್ಸ್ ಹಾಕುವ ಹೊತ್ತೂ ಆಗಿತ್ತು. ಚೀಲದಿಂದ ಬಾಟಲಿ ತೆಗೆದು, ಎಲ್ಲರೆದುರು ಒಂದೊಂದು ಹನಿ ಬಿಟ್ಟುಕೊಂಡೆ. ಡಾಕ್ಟರಮ್ಮ ಕಲಿಸಿದಂತೆ ಮೂಗಿನ ಬದಿಗೆ ಬೆರಳೊತ್ತಿ ಕಣ್ಣು ಮುಚ್ಚಿದೆ. ಆಮೇಲೆ ಆ ಬಸುರಿ ಹುಡುಗಿಯ ದನಿ ಕೇಳಿತು.

"ಕಾಕು, ಇಲ್ಲೇ ನನ್ನ ಬಾಜೂಕ ಬರ್ರಿ. ಕುಬಸ ಭಾಳ ಚಲೋ ಕುಂತೈತಿ."

ಕಣ್ಣಲ್ಲಿ ನೀರು ಬಂತು. ಔಷಧ ತೊಳೆದುಹೋದೀತೆಂದು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದೆ.

ಮೊನ್ನೆ ತೋರಿಸಿಕೊಂಡು ಬಂದೆ. ಪ್ರೆಷರ್ ಇಳಿದಿದೆ. ಬದಿಯ ದೃಷ್ಟಿ ಒಂದಿಷ್ಟು ಹೋದದ್ದು ಹೋಯಿತು. ನಡುವಿನದು ಇದೆ, ಕೊನೆಗೂ ಸಿಕ್ಕ ಕನ್ನಡಕ ಏರಿಸಿದರೆ ಸೂಜಿಗಣ್ಣಿಗೆ ಅಷ್ಟು ಸಾಕು. ಡಾಕ್ಟರಮ್ಮ ಚೆನ್ನಾಗಿರಲಿ. ನೆಗೆಣ್ಣಿ ಇನ್ನೂ ಒಪ್ಪಿಲ್ಲ, ಆದರೆ ಬ್ಲೌಸಿನ ಅಳತೆ ಕೊಡಲು ನನ್ನಲ್ಲಿಗೇ ಬರುತ್ತಾರೆ. ಟೇಪು ಹಿಡಿದು ಎದುರು ನಿಂತಾಗ ಅವರು ಗೋಡೆ ನೋಡುತ್ತಾರೆ. ನಾನು ರೆಪ್ಪೆ ಎತ್ತಿ ಅವರನ್ನೇ ನೋಡುತ್ತೇನೆ.