ಏಳು ಗೆರಟೆ, ಒಂದು ತೋಡು

ಬೆಳಗಿನ ಆರು ಗಂಟೆ. ಕಾರ್ತಿಕ ಹುಣ್ಣಿಮೆಯ ಚಂದ್ರ ಪಡುವಣದ ತೆಂಗಿನ ತಲೆಗಳ ಮೇಲೆ ಇನ್ನೂ ಉಳಿದಿದ್ದಾನೆ. ಬಾರ್ಕೂರಿನಿಂದ ಎರಡೂವರೆ ಮೈಲಿ ನಡೆದು ಬಂದಿರುವ ಕುಸುಮಾವತಿ ಟೀಚರ್ ತೋಡುಬೆಟ್ಟು ಶಾಲೆಯ ಅಂಗಳ ಗುಡಿಸಿ, ಏಳು ತೆಂಗಿನ ಗೆರಟೆಗಳನ್ನು ಸಾಲಾಗಿ ಇಡುತ್ತಿದ್ದಾರೆ. ಕೊನೆಯ ಗೆರಟೆಯ ಆಚೆ ಒಂದು ಬಿಳಿ ಕವಡೆ. ಸೆರಗಿನ ಗಂಟಿನಲ್ಲಿ ನೂರೈವತ್ತು ಹುಣಸೆಬೀಜ.

ಗೆರಟೆಯೆಂದರೆ ಊರಿನ ಹಳ್ಳಕ್ಕೆ, ಅಂದರೆ ತೋಡಿಗೆ, ಅಡ್ಡಲಾಗಿ ಸುಗ್ಗಿ ಬೆಳೆಗಾಗಿ ಹಾಕುವ ಮಣ್ಣಿನ ಕಟ್ಟ. ಬೀಜವೆಂದರೆ ನೀರು. ಕವಡೆಯೆಂದರೆ ಉಬ್ಬರದಲ್ಲಿ ಹೊಳೆಯಿಂದ ಮೇಲೇರುವ ಉಪ್ಪುನೀರು. ಒಂದು ಚಪ್ಪಾಳೆಗೆ ಒಂದು ದಿನ. ದಿನಕ್ಕೆ ಹನ್ನೆರಡು ಬೀಜ ಮೇಲಿನಿಂದ ಬರುತ್ತವೆ. ಒಂದು ಕಟ್ಟ ತುಂಬಲು ಹತ್ತು ಬೇಕು. ಹೆಚ್ಚಾದದ್ದು ಕೆಳಗಿನವರಿಗೆ ಹೋಗಬೇಕು. ಮೂರನೆಯ ಚಪ್ಪಾಳೆಗೆ ಹುಣ್ಣಿಮೆಯ ಉಬ್ಬರ. ಆಗ ಕೊನೆಯ ಗೆರಟೆ ತುಂಬಿದ್ದರೆ ಕವಡೆ ನಿಂತಲ್ಲೇ ನಿಲ್ಲುತ್ತದೆ. ಬರಿದಾಗಿದ್ದರೆ ಒಳಗೆ ಬರುತ್ತದೆ, ಆ ಗದ್ದೆಯ ಸುಗ್ಗಿ ಹೋಗುತ್ತದೆ.

ಇಂದು ಆಟವಲ್ಲ, ನಿಜವಾದ ಹುಣ್ಣಿಮೆ. ಹತ್ತೂವರೆಯ ಹೊತ್ತಿಗೆ ಉಬ್ಬರ ಏರುತ್ತದೆ. ಎರಡು ವರ್ಷ ಸುಗ್ಗಿ ಕಳೆದುಕೊಂಡಿರುವ ತೋಡಿನ ಕೊನೆಯ ಗದ್ದೆಯ ಸೀತು ಈ ಸಲ ಬೆಳೆ ಕಾಣುತ್ತಾಳೋ ಇಲ್ಲವೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. "ರಾತ್ರಿ ನಿದ್ರೆ ಬರ್ಲಿಲ್ಲ. ಬೀಜ ಹೇಳ್ದ್ ನೀರ್ ಕೇಳ್ಕಲೆ?" ಎಂದು ಟೀಚರ್ ನಗುತ್ತಾರೆ.

ಹಾಲಾಡಿ ಕಡೆಯ ಕುಸುಮಾವತಿ ಈ ಶಾಲೆಗೆ ಬಂದದ್ದು 1956ರಲ್ಲಿ. ಹನ್ನೊಂದು ವರ್ಷವಾಯಿತು. ಒಂದೇ ಕೋಣೆ, ಎರಡು ತರಗತಿ, ನಲವತ್ತಮೂರು ಮಕ್ಕಳು. ಮಳೆಗಾಲದಲ್ಲಿ ತೋಡು ದಾಟುವ ಸಂಕ ಮುಳುಗಿದರೆ ಸುತ್ತುದಾರಿ ಹಿಡಿಯಬೇಕು, ನಾಲ್ಕು ಮೈಲಿ. ಅದನ್ನೆಲ್ಲ ಅವರು ಕಷ್ಟದ ಪಟ್ಟಿಗೆ ಸೇರಿಸುವುದಿಲ್ಲ. ಕಷ್ಟವಾದದ್ದು ಬೇರೆ: ತೋಡಿನ ಮೇಲಿನವರ ಮಕ್ಕಳೂ ಕೆಳಗಿನವರ ಮಕ್ಕಳೂ ಒಂದೇ ಮಣೆಯಲ್ಲಿ ಕೂರುತ್ತಿರಲಿಲ್ಲ. ಮೇಲಿನವರು ನೀರು ಕದಿಯುತ್ತಾರೆಂದು ಕೆಳಗಿನ ಮನೆಗಳಲ್ಲಿ ಮಾತು. ಅದೇ ಮಾತು ಶಾಲೆಗೂ ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ ಟೀಚರ್ ಗೆರಟೆ ಸಾಲು ಹಾಕಿದ್ದು ಅದಕ್ಕೆ. ಒಬ್ಬನ ಆಸೆ ಆರು ಜನರ ಗದ್ದೆಯನ್ನು ಹೇಗೆ ಮುಟ್ಟುತ್ತದೆಂದು ಮಕ್ಕಳು ಕೈಯಾರೆ ಆಡಿ ತಿಳಿಯಲಿ ಎಂದು. ತಪಾಸಣೆಗೆ ಇಲಾಖೆಯವರು ಬಂದ ದಿನ ಗೆರಟೆಗಳು ಕಪಾಟಿನ ಹಿಂದೆ ಅಡಗುತ್ತಿದ್ದವು.

ಪಾಠ ಚೆನ್ನಾಗಿಯೇ ನಡೆಯಿತು. ಕವಡೆ ಒಳಗೆ ಬಂದಾಗಲೆಲ್ಲ ಮಕ್ಕಳು ಮೊದಲ ಗೆರಟೆಯವರ ಕಡೆ ಬೆರಳು ತೋರಿಸುತ್ತಿದ್ದರು. ಟೀಚರೂ ಬೇಡವೆನ್ನಲಿಲ್ಲ.

ಬೇಡವೆಂದದ್ದು ಪುಷ್ಪ, ಈ ಆಗಸ್ಟ್‌ನಲ್ಲಿ. ತೋಡಿನ ಮೊದಲ ಕಟ್ಟದ ಒಡೆಯರಾದ ಭೋಜ ಶೆಟ್ಟರ ಮಗಳು. ಎಲ್ಲರೂ "ಕಳ್ಳಿ" ಎಂದಾಗ ಅವಳು ತನ್ನ ಪಾಲಿನ ಮೊದಲ ಗೆರಟೆ ಕವುಚಿ ಹಾಕಿ, "ಹತ್ತೇ ಇತ್ತ್, ಲೆಕ್ಕ ಮಾಡಿ ಟೀಚ್ರೆ!" ಎಂದು ಅತ್ತಳು. ಟೀಚರ್ ಎಣಿಸಿದರು. ಹತ್ತೇ. ಎರಡನೆಯದರಲ್ಲೂ ಹತ್ತು, ಮೂರನೆಯದರಲ್ಲೂ ಹತ್ತು. ಯಾರೂ ಒಂದು ಬೀಜ ಹೆಚ್ಚು ಇಟ್ಟುಕೊಂಡಿಲ್ಲ. ಆದರೂ ಕವಡೆ ಬಂದಿದೆ.

ಒಂದು ವಾರ ಟೀಚರ್ ಬೆಳಗ್ಗೆ ಬೇಗ ಬಂದು ಒಬ್ಬರೇ ಆಡಿದರು. ಆಮೇಲೆ ಕಂಡಿತು. ತುಳಸಿ ಪೂಜೆಯ ಮರುದಿನ ಏಳೂ ಕಟ್ಟ ಒಟ್ಟಿಗೆ ಹಾಕುವುದು ಊರಿನ ಪದ್ಧತಿ. ಏಳು ಕಟ್ಟಕ್ಕೆ ಎಪ್ಪತ್ತು ಬೀಜ. ದಿನಕ್ಕೆ ಬರುವುದು ಹನ್ನೆರಡು. ಮೇಲಿನ ಆರು ತುಂಬಲು ಐದು ದಿನ. ಅಲ್ಲಿಯವರೆಗೆ ಕೊನೆಯದು ಬರಿದು. ಉಬ್ಬರ ಬರುವುದು ಮೂರನೆಯ ದಿನ. ಕಳ್ಳರು ಯಾರೂ ಇಲ್ಲ. ಮರುದಿನ ಟೀಚರ್ ತರಗತಿಯ ಮುಂದೆಯೇ ಪುಷ್ಪಳಿಗೆ, "ತಪ್ಪ್ ನಂದ್ ಮಗಾ" ಎಂದರು.

ದೀಪಾವಳಿ ಕಳೆದ ಭಾನುವಾರ ಟೀಚರ್ ಕರೆದದ್ದಕ್ಕೆ ಏಳು ಮನೆಯವರೂ ಶಾಲೆಯ ಅಂಗಳಕ್ಕೆ ಬಂದು ಕೂತರು. ಮೊದಲ ಗೆರಟೆಯ ಮುಂದೆ ಸ್ವತಃ ಭೋಜ ಶೆಟ್ಟರು.

"ಹ್ವಾಯ್ ಶೆಟ್ರೆ, ಮುಷ್ಟಿ ಬಿಚ್ಚಿ ಕಾಂಬ. ಒಳ್ಗೆ ಎಂತ ಇತ್ತ್?" ಎಂದು ಸೀತು ಕೆಣಕಿದಳು.

"ಬೆರಳ್ ಇತ್ತ್ ಕಾಣ್, ಐದೇ! ಬೀಜ ಗೆರಟೆಯೊಳ್ಗೆ."

ಮೂರನೆಯ ಚಪ್ಪಾಳೆಗೆ ಕವಡೆ ಸೀತುವಿನ ಗೆರಟೆಗೆ ಬಂತು. ಶೆಟ್ಟರು ತಮ್ಮ ಹತ್ತು ಬೀಜವನ್ನು ಎರಡು ಸಲ ಎಣಿಸಿದರು. "ನಾನ್ ಕದಿಲಿಲ್ಲ, ಆದ್ರೂ ಉಪ್ಪ್ ಬಂತಲೆ. ಎಂತ ಮರ್ಲ್ ಆಟ ಮಾರಾಯ್ರೆ ಇದ್?"

ಟೀಚರ್ ಎರಡನೆಯ ಸಲ ಆಡಿಸಿದರು. ಈ ಬಾರಿ ಮೊದಲು ಕೊನೆಯ ಕಟ್ಟ. ಎರಡೆರಡು ದಿನಕ್ಕೆ ಅದರ ಮೇಲಿನದು. ಕೊನೆಯ ಗೆರಟೆ ಮೊದಲ ದಿನವೇ ತುಂಬಿತು. ಕವಡೆ ಕದಲಲಿಲ್ಲ.

ಆದರೆ ಈ ಲೆಕ್ಕದಲ್ಲಿ ಶೆಟ್ಟರ ಕಟ್ಟ ಬೀಳುವುದು ಹದಿಮೂರನೆಯ ದಿನ. ಅದಕ್ಕಿಂತ ದೊಡ್ಡ ಮಾತೆಂದರೆ ತೋಡಿಗೆ ಮೊದಲ ಮಣ್ಣು ಹಾಕುವುದು ಅವರ ಮನೆಯ ಮರ್ಯಾದೆ, ಅಜ್ಜನ ಕಾಲದಿಂದ. ಕೆಳಗಿನಿಂದ ಶುರುಮಾಡಿ ಎಂದು ಅವರಿಗೆ ಹೇಳುವವರು ಯಾರು? ಶೆಟ್ಟರು ಕವಡೆಯಿಂದ ಕಣ್ಣೆತ್ತಿ ಹೇಳಿದರು:

"ಮೊದ್ಲ್ ಮಣ್ಣ್ ನಾನೇ ಹಾಕ್ಕ್, ಅದ್ ಬಿಡುಕಾತಿಲ್ಲ. ಎಲ್ಲಿ ಹಾಕ್ಕ್ ಅಂದೇಳಿ ಅಜ್ಜ ಎಲ್ಲಾದ್ರೂ ಬರ್ದಿಟ್ಟಿದ್ರಾ?"

ಮೊನ್ನೆ ತುಳಸಿ ಪೂಜೆಯ ಮರುದಿನ ಅವರು ಒಂದು ಮೈಲಿ ಕೆಳಗೆ ನಡೆದು ಬಂದು, ಕಾಯಿ ಒಡೆದು, ಸೀತುವಿನ ಗದ್ದೆಯ ಬುಡದಲ್ಲಿ ಮೊದಲ ಹೆಂಟೆ ಹಾಕಿದ್ದಾರೆ. ಅವರ ಸ್ವಂತ ಕಟ್ಟದ ಜಾಗದಲ್ಲಿ ನೀರು ಇನ್ನೂ ಸುಮ್ಮನೆ ಹರಿದು ಹೋಗುತ್ತಿದೆ.

ಹತ್ತೂ ಕಾಲು. ನಲವತ್ತಮೂರು ಮಕ್ಕಳು ಗದ್ದೆಯಂಚಿನಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಕಟ್ಟದ ಹೊರಗೆ ಕಂದು ನೀರು ನೊರೆ ಹೊತ್ತು ಏರುತ್ತದೆ, ಮಣ್ಣಿನ ಅಂಚಿಗೆ ಒಂದು ಗೇಣು ಉಳಿದಾಗ ನಿಧಾನವಾಗುತ್ತದೆ. ಒಳಗೆ ತೋಡಿನ ನೀರು ಅದರ ಸಮಕ್ಕೆ ತುಂಬಿ ನಿಂತಿದೆ. ಹನ್ನೊಂದು ಗಂಟೆಯ ಹೊತ್ತಿಗೆ ನೊರೆ ಹಿಂದೆ ಸರಿಯುತ್ತದೆ. ಸೀತು ಮೊಣಕಾಲೂರಿ ಒಳಗಿನ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸುತ್ತಾಳೆ.

"ಚಪ್ಪೆ!" ಎಂದು ಅವಳು ಕೂಗುತ್ತಾಳೆ. "ಟೀಚ್ರೇ, ಉಪ್ಪಿಲ್ಲ, ಚಪ್ಪೆ ಇತ್ತ್!"

ಪುಷ್ಪ ಎಲ್ಲರಿಗಿಂತ ಮೊದಲು ಓಡಿ ಬೊಗಸೆ ನೀರು ಕುಡಿಯುತ್ತಾಳೆ. ಟೀಚರ್ ತಾವೂ ಮೂರು ಕಡೆ ರುಚಿ ನೋಡುತ್ತಾರೆ, ನೋಡಿದ ಮೇಲೆಯೇ ತಲೆಯಾಡಿಸುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ, ಇಲ್ಲಿಂದ ವರ್ಗವಾಗದಿದ್ದರೆ ಸಾಕು ಎನ್ನುತ್ತಾರೆ. "ಒಂದ್ ವರ್ಷ ಕಂಡ್ ಸಮ ಇತ್ತ್ ಅಂಬುಕಾತಿಲ್ಲ. ಇನ್ನ್ ನಾಕ್ ವರ್ಷ ಇಲ್ಲೇ ಇರ್ಕ್. ನಾಕ್ ವರ್ಷ ತಪ್ಪ್ ಹೇಳಿ ಕೊಟ್ಟಿದ್ದೆ. ಸಮ ಹೇಳಿ ಕೊಡುಕೆ ಅಷ್ಟಾದ್ರೂ ಬೇಡ್ದಾ?"